ಎಂಟೂ ಹೆಣ್ಣು

ಎಂಟೂ ಹೆಣ್ಣು, ಸಾಂತ್ ಆಂತೊನಿ ಆಣಿ,
ಅಂದಿದ್ದನಂತ ಮಡಗಾಂವ ಬಜಾರದಾಗ ಬುಟ್ಟಿಯವ.
ಎರ್ಮೆಲಿಂದಾಬಾಯಿ ನಂಬಿ ಚಾಂದೋರಕ್ಕ ತಂದ್ರು.
ನಾತಾಳಕ್ಕ ಬೆಬಿಂಕಾ ಆಗಬೇಕು,
ಒಂದಕ್ಕ ನಲವತ್ತು ತತ್ತಿ ಹಳದಿ,
ಲೆಕ್ಕ ಆಗಲೇ ಅಡಗಿಮನಿ ಬಾಗಿಲ ಹಿಂದ
ಸೀಮೆಸುಣ್ಣದಾಗ ಬರದಾಗಿತ್ತು.

ನಾ ಬಗ್ಗಿ ನೋಡಿದೆ. ಎಂಟು ಹತ್ತಿ ಉಂಡಿ.
ಆ ವಯಸ್ಸಿನ್ಯಾಗ ಯಾರಿಗೂ ತಿಳಿಯಂಗಿಲ್ಲ,
ದೇವರಿಗೂ ಒಂದೀಟು ತಡಾ ಆಗತೈತಿ.

ಆರನೇ ವಾರ ಕೆಲವಕ್ಕ ತುರಾಯಿ ಕೆಂಪಾತು,
ಬ್ಯಾಡಗಿ ಮೆಣಸಿನಕಾಯಿ ಹಂಗ. ಉಳಿದವಕ್ಕ
ಹಸಿ ಶೇಂಗಾದ ಬಣ್ಣ.
ನಮ್ಮವ್ವ ಮಾಡತಿದ್ದಂಗ ಹರಕ ಟವೆಲ್ಲು
ತಲಿ ಮ್ಯಾಲಿಂದ ಹಾರಿಸಿದೆ:
ಎರಡು ನೆಲಕ್ಕ ಒತ್ತಿ ಕುಂತ್ವು,
ಆರು ಕತ್ತೆತ್ತಿ ನನ್ನ ಗದರಿದ್ವು.
ಹತ್ತನೇ ವಾರ ಬಾಲದ ಬುಡದ ಪುಕ್ಕ ಸವರಿದೆ.
ಹ್ಯಾಟಿದು ದುಂಡಗ, ಹುಂಜಂದು ದಬ್ಬಣ.

ಸಾಕೂ, ಗಂಡೆಷ್ಟು ಹೆಣ್ಣೆಷ್ಟು?
ಇನ್ನಾ ಗೊತ್ತಾಗವಲ್ದ್ರಿ ಬಾಯಿ, ಅಂದೆ.
ಸುಳ್ಳು. ಖರೇ ಹೇಳಿದ್ರ
ಮರುದಿನ ಶಾಕುತಿಗೆ ಕೊಬ್ಬರಿ ಹುರಿಯಾಕಿನೂ ನಾನ.

ಮಗಳನ್ನ ತೋರಸಾಕ ದವಾಖಾನಿಗೆ ಹೋದಾಗ
ಗ್ವಾಡಿ ಮ್ಯಾಲ ಬೋರ್ಡು. ಆಕಿನ ಓದಿದ್ಲು:
ಇಲ್ಲಿ ಗಂಡು ಹೆಣ್ಣು ಹೇಳೂದಿಲ್ಲ.
ನಂಗ ಆ ಬೋರ್ಡು ಭಾಳ ಹಿಡಿಸಿತು,
ಅದರ ಕೆಳಗ ಕುಂತು ಅವಲಕ್ಕಿ ತಿಂದೆ.

ನಾ ಹುಟ್ಟಿದಾಗ ಗಜೇಂದ್ರಗಡದಾಗ
ಸೂಲಗಿತ್ತಿ ಕಾಲು ಸರಿಸಿ ನೋಡಿ ಸುಮ್ಮಗಾದ್ಲಂತ.
ಸುಮ್ಮಗಾದದ್ದ ಸುದ್ದಿ.
ನಾಕನೇದು. ಸಾಕು ಅಂದ್ರು. ಹೆಸರಾತು.
ಬಾಯಿಗೆ ಅದರ ಅರ್ಥ ಗೊತ್ತಿಲ್ಲ,
ಬಾಲ್ಕಾಂವದಿಂದ ದಿನಕ್ಕ ನೂರು ಸಲ
ಸಾಕೂ, ಸಾಕೂ, ಅಂತಾರ.
ಬಾ ಅಂತ ಕರಿಯೂದು ಅದು.

ಹನ್ನೊಂದನೇ ವಾರ ಒಂದು ನಸುಕಿನ್ಯಾಗ ಕೂಗಿತು,
ಎಣ್ಣಿ ಕಾಣದ ಕದಾ ತಗದಂಗ.
ನಡುವ ನಿಂತು, ತನಗ ನಾಚಿ, ಮತ್ತ ಕೂಗಿತು.
ವಾರದಾಗ ಆರೂ.
ಬಾಯಿ ನಿದ್ದಿಗೌನಿನ್ಯಾಗ ಮೆಟ್ಟಲಕ್ಕ ಬಂದು
ಬುಟ್ಟಿಯವನ ಮೂರು ತಲಿಮಾರು
ಕೊಂಕಣಿಯಾಗ, ಪೋರ್ಚುಗೀಸಿನ್ಯಾಗ ಬೈದ್ರು,
ಆಮ್ಯಾಲ ಮೆಟ್ಟಲ ಮ್ಯಾಲ ಕುಂತು ನಕ್ರು.

ಆರು ಹುಂಜ ಒಂದ ಕಡೆ? ಕಡದಾಡಿ ಸಾಯತಾವ.
ಸಾಯಂಗಿಲ್ರಿ. ಒಂದ ಬುಟ್ಟಿಯಾಗ ಬೆಳದಾವ,
ಯಾರ ಮುಂದ, ಯಾರ ಹಿಂದ, ಅವಕ್ಕ ಗೊತ್ತೈತಿ.
ಹ್ಯಾಟಿ ಕಣ್ಣಿಗೆ ಬೀಳಬಾರದು ಅಷ್ಟ.
ಕಾಳು ಎರಡು ಕಡೆ ಚೆಲ್ಲಬೇಕು,
ಸೋತದ್ದಕ್ಕ ಓಡಿ ನಿಲ್ಲಾಕ ಒಂದು ಮೂಲಿ ಬೇಕು.
ಮೋಟಾರ ಶೆಡ್ಡು ಖಾಲಿ ಐತಿ.

ಫಿಯಾಟ್ ನಿಂತಿದ್ದ ಜಾಗಾ ಅದು,
ಎಣ್ಣಿ ಕಲಿ ಇನ್ನೂ ಹೋಗಿಲ್ಲ.
ಬಿದಿರು ಕಟ್ಟಿದೆ, ಮುರಕ ಕುರ್ಚಿ ಇಟ್ಟೆ.
ಮದಲನೇ ದಿನಾ ಎರಡು ಎದಿಗೆ ಎದಿ ಹಚ್ಚಿ,
ಕೊಳ್ಳಿನ ಪುಕ್ಕ ಕೊಡಿ ಹಂಗ ಬಿಚ್ಚಿ ನಿಂತ್ವು.
ಒಂದು ಸುಮ್ಮನ ಬ್ಯಾರೆ ಕಡೆ ನೋಡಿತು,
ಏನೋ ನೆನಪಾದಂಗ ನೆಲಾ ಕೆದರಾಕ ಹತ್ತಿತು.
ಮುಗೀತು ಜಗಳಾ.

ಇನ್ನೊಂದು ಮಾತ್ರಿ ಬಾಯಿ, ಅಂದೆ.
ಒಂದನ್ನ ಹೊರಗ ಒಯ್ದು
ವಾರ ಬಿಟ್ಟು ತಿರುಗಿ ಒಳಗ ಬಿಡಬ್ಯಾಡ್ರಿ.
ಮರತಿರತಾವ. ಪರದೇಶಿ ಅಂತ ಕುಕ್ಕತಾವ.
ಅವನ ಕುರ್ಚಿನೂ ಯಾರೋ ಹತ್ತಿರತಾರ.

ಬಾಯಿ ಬೀದಿ ಕಡೆ ನೋಡಿದ್ರು.
ಹಡಗಿನ್ಯಾಗ ಹತ್ತು ತಿಂಗಳು ತೇಲಿ
ಕಾಯ್ತಾನ ಸಾಹೇಬ್ರು ಬರೂದು ಮುಂದಿನ ಶುಕ್ರವಾರ.
ಹೋದ ಸಲ ಬಂದಾಗ ನಾಕು ದಿನ
ಬಾಯಿ ಅಡಗಿಮನ್ಯಾಗ ಉಂಡ್ರು, ಸಾಹೇಬ್ರು ಸಾಲದಾಗ.
ಮಿಠಾಯಿ ಡಬ್ಬಿ ಎಲ್ಲೈತಿ ಅನ್ನೂದಕ್ಕ ಸುದ್ದಾ ಜಗಳಾ.

ಬಿಡಲೇಬೇಕಾದ್ರ? ಕೇಳಿದ್ರು, ಮೆಲ್ಲಕ.

ರಾತ್ರಿ ಬಿಡಬೇಕ್ರಿ, ಕತ್ತಲದಾಗ,
ಉಳಿದವು ಮಲಗಿದಾಗ ನಡುವ ಕುಂದರಸಬೇಕು.
ಮುಂಜಾನೆ ಎದ್ದು, ಇವ ಮದಲಿಂದ
ಇಲ್ಲೇ ಇದ್ದ ಅಂದ್ಕೋತಾವ.
ಒಮ್ಮೊಮ್ಮೆ.

ಬಾಯಿ ಎದ್ದು ಹೋಗಿ ಕ್ಯಾಲೆಂಡರ ನೋಡಿದ್ರು.
ವಿಮಾನ ದಾಬೋಳಿಗೆ ಇಳಿಯೂದು
ರಾತ್ರಿ ಎರಡಕ್ಕ.